ಠಣ್ಣೆನ್ನದ ದಿಮ್ಮಿಗಳು

ಅವನಿಗೆ ಹೆತ್ತವರು ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಹಮಾಲರಿಂದ ಹಿಡಿದು ದೊರೆಯವರೆಗೆ ಡಿಪೋದಲ್ಲಿ ಎಲ್ಲರಿಗೂ ಅವನು ಠಣ್ಣಪ್ಪ. ಸುತ್ತಿಗೆಯಿಂದ ಮರದ ದಿಮ್ಮಿಯನ್ನು ತಟ್ಟುವುದು, ಕಿವಿಗೊಟ್ಟು ಕೇಳುವುದು, ಠಣ್ ಅಂದರೆ ಗಟ್ಟಿ, ದಬ್ ಅಂದರೆ ಟೊಳ್ಳು ಎಂದು ತೀರ್ಪು ಕೊಡುವುದು, ಇಷ್ಟೇ ಅವನ ಉದ್ಯೋಗ. ಹದಿನೆಂಟು ವರ್ಷದಿಂದ ಇದನ್ನೇ ಮಾಡುತ್ತಿದ್ದ. ತಟ್ಟೆಯನ್ನೂ ಒಮ್ಮೆ ತಟ್ಟಿ ನೋಡದೆ ಊಟ ಬಡಿಸಿಕೊಳ್ಳುವ ಆಸಾಮಿಯಲ್ಲ ಎಂದು ಹೆಂಡತಿ ಬದುಕಿದ್ದಾಗ ಊರೆಲ್ಲ ಹೇಳಿಕೊಂಡು ನಗುತ್ತಿದ್ದಳು.

ಸಮುದ್ರದಾಚೆಯಿಂದ ಬಂದವರು ನಾಡನ್ನು ಆಳುತ್ತಿದ್ದ, ಕಂಡ ಕಡೆಯೆಲ್ಲ ರೈಲು ಹಾಕುತ್ತಿದ್ದ ಕಾಲ. ರೈಲಿಗೆ ಹಳಿ ಬೇಕು, ಹಳಿಯ ಅಡಿಗೆ ಅಡ್ಡಡ್ಡ ಮಲಗಲು ದಿಮ್ಮಿ ಬೇಕು, ಮೈಲಿಗೆ ಎರಡು ಸಾವಿರ. ಒಂದೊಂದೂ ಒಂಬತ್ತು ಅಡಿ ಉದ್ದ, ಗಂಟಿರಬಾರದು, ಬಿರುಕಿರಬಾರದು, ತಿರುಳಿನ ಮರವೇ ಆಗಬೇಕು. ಹಳಿಯ ಕಬ್ಬಿಣ ಅವರ ದೇಶದಿಂದ ಹಡಗಿನಲ್ಲಿ ಎಣ್ಣೆ ಸವರಿಸಿಕೊಂಡು ಮದುವಣಗಿತ್ತಿಯ ಹಾಗೆ ಬರುತ್ತಿತ್ತು. ಒಂದು ತುಂಡು ಬಾಗಿದರೆ ಮೂರು ಕಾಗದ ಓಡಾಡುತ್ತಿದ್ದವು. ಮರಕ್ಕೆ ಆ ಮರ್ಯಾದೆ ಇರಲಿಲ್ಲ. ಎದುರಿಗೆ ಗುಡ್ಡವಿತ್ತು, ಗುಡ್ಡದ ತುಂಬ ಕಾಡಿತ್ತು. ದೊರೆಗೆ ದೊರೆಯದ ಮರ ಯಾವುದು? ಗುತ್ತಿಗೆದಾರನಿಗೆ ಪಾಸಾದ ದಿಮ್ಮಿಗಷ್ಟೇ ಹಣ. ನಿಂತ ಮರಕ್ಕೆ ಅವನು ಯಾರಿಗೂ ಏನೂ ಕೊಡಬೇಕಾಗಿರಲಿಲ್ಲ. ಒಂದು ದಿಮ್ಮಿ ಟೊಳ್ಳು ಅನ್ನಿಸಿಕೊಂಡರೆ ಇನ್ನೊಂದು ಮರ ಉರುಳಿಸಿದರಾಯಿತು.

ಹಾಗಾಗಿ ಡಿಪೋದಲ್ಲಿ ಯಾರೂ ಬರೆದಿಡದ ಒಂದು ನಿಯಮ ನಡೆದು ಬಂದಿತ್ತು: ಅನುಮಾನ ಬಂದರೆ ತಳ್ಳಿಬಿಡು. ಟೊಳ್ಳು ದಿಮ್ಮಿ ಪಾಸಾಗಿ ಹೋಗಿ ರೈಲು ಉರುಳಿದರೆ ಹಳಿಯನ್ನು ಯಾರೂ ಹಳಿಯುವುದಿಲ್ಲ, ತಟ್ಟಿದವನನ್ನು ಹಳಿಯುತ್ತಾರೆ. ಗಟ್ಟಿ ದಿಮ್ಮಿಯನ್ನು ತಳ್ಳಿದರೆ ಕೇಳುವವರಿಲ್ಲ. ತಳ್ಳಿದ ದಿಮ್ಮಿಯ ತುದಿಗೆ ಠಣ್ಣಪ್ಪ ಉಳಿ ಹಿಡಿದು ಕತ್ತರಿಯಾಕಾರದ ಗುರುತು ಕೊರೆಯುತ್ತಿದ್ದ. ಕತ್ತರಿ ಬಿದ್ದ ದಿಮ್ಮಿ ಮತ್ತೆ ಪರೀಕ್ಷೆಗೆ ಬರಕೂಡದು, ಏಕೆಂದರೆ ಗುತ್ತಿಗೆದಾರರೆಲ್ಲ ಕಳ್ಳರು; ಇದು ಮಾತ್ರ ಬರೆದಿಟ್ಟ ಕಾನೂನು. ಪಾಸಾದದ್ದಕ್ಕೆ ಸುತ್ತಿಗೆಯ ಇನ್ನೊಂದು ಮುಖದಲ್ಲಿದ್ದ ಸರ್ಕಾರಿ ಮುದ್ರೆ. ಅಂಗಳದ ಎಡಕ್ಕೆ ಮುದ್ರೆ ಸಾಲು, ಬಲಕ್ಕೆ ಕತ್ತರಿ ಸಾಲು. ಬಲಗಡೆಯದು ಆಗಾಗ ಒಂದಿಷ್ಟು ರೈಲಿನ ಬೆಂಕಿಗೆ ಸೌದೆಯಾಗಿ ಹೋಗುತ್ತಿತ್ತು.

ಕಳೆದ ಎರಡು ವರ್ಷದಲ್ಲಿ ಆ ಬಲಗಡೆಯ ಸಾಲು ಆಳೆತ್ತರ ದಾಟಿ ಗೋಡೆಯ ಹಾಗೆ ಬೆಳೆದಿತ್ತು. ಕಾರಣ ಠಣ್ಣಪ್ಪನಿಗೆ ಗೊತ್ತಿತ್ತು. ಗುಡ್ಡದ ಮರ ಕೆಟ್ಟಿದೆ. ಮೇಲೆ ಚೆನ್ನಾಗಿ ಕಾಣುತ್ತದೆ, ಒಳಗೆ ಏನೋ ಸೇರಿಕೊಂಡು ತಿಂದು ಹಾಕಿದೆ. ಹಾಗೆಂದು ದೊರೆಗೂ ಹೇಳಿದ್ದ. ಅವನು ತಳ್ಳಿದ ಎಷ್ಟೋ ದಿಮ್ಮಿಗಳು ಠಣ್ ಅಂದದ್ದು ಹಮಾಲರ ಕಿವಿಗೆ ಬಿದ್ದಿತ್ತು. ಆದರೆ ಅವರು, "ನಮಗೆ ಕೇಳೋದು ಹೊರಗಿನ ಠಣ್ಣು, ಅವನಿಗೆ ಒಳಗಿಂದು ಕೇಳುತ್ತೆ" ಎಂದುಕೊಂಡು ಹೊತ್ತು ಹಾಕಿದ್ದರು. ಇಡೀ ಮಾರ್ಗದಲ್ಲಿ ಇಷ್ಟು ಬಿಗಿಯಾದ ಪರೀಕ್ಷೆ ಬೇರೆಲ್ಲೂ ಇಲ್ಲವೆಂದು ದೊರೆ ಒಂದು ಪ್ರಶಂಸೆಯ ಕಾಗದವನ್ನೇ ಬರೆದುಕೊಟ್ಟಿದ್ದ. ಠಣ್ಣಪ್ಪ ಅದನ್ನು ಡಿಪೋ ಕೊಟ್ಟ ತನ್ನ ಒಂದೇ ಕೋಣೆಯ ಮನೆಯಲ್ಲಿ ಹಾಸಿಗೆಯ ತಲೆದೆಸೆಗೆ ಅಂಟಿಸಿಕೊಂಡಿದ್ದ. ಎದ್ದರೆ ಅದು, ಮಲಗಿದರೆ ಅದು. ಮಾತಾಡಿಸಲು ಆ ಕೋಣೆಯಲ್ಲಿ ಬೇರೆ ಏನೂ ಇರಲಿಲ್ಲ.

ಅವನಲ್ಲಿ ಇನ್ನೊಂದು ವಿದ್ಯೆ ಇತ್ತು, ಅಣಕ. ಮಧ್ಯಾಹ್ನ ಗರಗಸದ ಚಪ್ಪರದಡಿ ಬುತ್ತಿ ಬಿಚ್ಚಿ ಕೂತಾಗ ಅವನು ಬಾಯಿ ತೆರೆದರೆ ಸಾಕು, ದೊರೆ ಬಂದು ಕೂತ, ಗುತ್ತಿಗೆದಾರ ಬಂದು ನಿಂತ, ಸ್ಟೇಷನ್ ಮಾಸ್ತರು ಕೆಮ್ಮಿಕೊಂಡು ಹೋದ. ಒಂದು ಸಲ ನಿಜವಾದ ದೊರೆ ಹಿಂದೆ ಬಂದು ನಿಂತಿದ್ದಾಗ ಹಮಾಲನೊಬ್ಬ, "ಠಣ್ಣಪ್ಪ, ಇವತ್ತು ಅಷ್ಟು ಚೆನ್ನಾಗಿ ಬರ್ತಿಲ್ಲ" ಅಂದದ್ದುಂಟು.

ಅವೆಲ್ಲ ಹಿಂದಿನ ಮಾತು. ಆವತ್ತಿನ ಮಧ್ಯಾಹ್ನ ಅವನು ದೊರೆಯ ಅಣಕ ಮಾಡಿದ. ಮೂಗಿನಿಂದ ಎಳೆದು, ಮಾತಿನ ನಡುವೆ ಗಂಟಲು ಕೆರೆದು, ಕೊನೆಗೆ ಬೂಟುಗಾಲಿನವನ ಹಾಗೆ ನೆಲ ಒದ್ದು ಮುಗಿಸಿದ. ಯಾರೂ ನಗಲಿಲ್ಲ. ಎದುರಿಗೆ ಕೂತಿದ್ದ ಡಿಪೋ ಗುಮಾಸ್ತ ಬೆರಳು ಚೀಪಿ, ಕೈ ಒರೆಸಿಕೊಂಡು, ಹತ್ತಿರ ಬಂದು ದೊಡ್ಡದಾಗಿ ಹೇಳಿದ:

"ಅದು ಹೋದ ದೊರೆ, ಠಣ್ಣಪ್ಪ. ಅವರಿಗೆ ವರ್ಗವಾಗಿ ಮೂರು ವರ್ಷ ಆಯ್ತು. ಈಗಿನವರದ್ದು ಕೀಚು ದನಿ. ಇಷ್ಟು ದಿನ ಆದ್ರೂ ನಿನಗೆ ಹಿಡೀಲಿಲ್ವಲ್ಲ?"

"ಇವರು ಮಾತಾಡೋದೇ ಕಮ್ಮಿ ಗುಮಾಸ್ತರೇ."

"ಅಯ್ಯೋ, ಬಾಯಿ ಮುಚ್ಚಿದ್ದೇ ಇಲ್ಲ."

ಹಮಾಲರು ಆಗ ನಕ್ಕರು. ನಕ್ಕದ್ದು ಠಣ್ಣಪ್ಪನಿಗೆ ಕಾಣಿಸಿತು. ಈಗೀಗ ಜನ ಮಾತನ್ನು ಬಾಯಲ್ಲೇ ಅಗಿದು ನುಂಗುತ್ತಾರೆ, ಮೊದಲಿನ ಹಾಗೆ ಬಿಡಿಸಿ ಆಡುವುದಿಲ್ಲ ಎಂಬ ದೂರು ಅವನಿಗಿತ್ತು. ಹಕ್ಕಿಗಳೂ ಹೊರಟುಹೋಗಿದ್ದವು. ಮೊದಲ ಗುಡ್ಡ ಬೋಳಾದಾಗ ಕೆಲವು ಹೋದವು, ನಡುಗುಡ್ಡ ಬೋಳಾದಾಗ ಮಿಕ್ಕವು ಹೋದವು. ಬೆಳಿಗ್ಗೆ ಬಾಗಿಲು ತೆರೆದರೆ ಏನೂ ಇಲ್ಲ, ಹತ್ತಿ ತುಂಬಿದ ಹಾಗೆ ಒಂದು ಸದ್ದಿಲ್ಲದ ಊರು.

ಅದೇ ಸಂಜೆ ಗುಮಾಸ್ತ ಕಚೇರಿಯ ಹಲಗೆಗೆ ಒಂದು ಆಜ್ಞೆಯನ್ನು ಹಚ್ಚಿದ. ಈ ಹಂಗಾಮಿಗೆ ಇನ್ನೂ ನಾನೂರು ದಿಮ್ಮಿ ಕಡಿಮೆ ಬಿದ್ದಿವೆ. ತಿಂಗಳ ಕೊನೆಯೊಳಗೆ ಭರ್ತಿಯಾಗದಿದ್ದರೆ ಉಳಿದಿರುವ ಮೂರನೆಯ ಗುಡ್ಡದ ಮೇಲಿನ ಇಳಿಜಾರಿನ ಮರ ಕಡಿಯತಕ್ಕದ್ದು. ಇಲ್ಲಿನ ಮರ ಅರ್ಧಕ್ಕರ್ಧ ಟೊಳ್ಳೆಂದು ತಜ್ಞರ ಅಭಿಪ್ರಾಯವಿರುವುದರಿಂದ ಲೆಕ್ಕಕ್ಕೆ ಎರಡರಷ್ಟು, ಅಂದರೆ ಇಳಿಜಾರನ್ನು ಪೂರ್ತಿಯಾಗಿ, ಕಡಿಯತಕ್ಕದ್ದು.

ಠಣ್ಣಪ್ಪ ಎರಡು ಸಲ ಓದಿದ. ತಜ್ಞ ಎಂದರೆ ತಾನೇ. ಮೊದಲಿಗೆ ಸ್ವಲ್ಪ ಹೆಮ್ಮೆಯೂ ಆಯಿತು. ಆಮೇಲೆ ಇಳಿಜಾರಿನ ಬುಡದಲ್ಲಿರುವ ಕೇರಿ ನೆನಪಾಯಿತು, ಕೇರಿಯಲ್ಲಿರುವ ಅತ್ತೆ ನೆನಪಾದಳು.

ಅಳಿಯ ಅಲ್ಲ, ಮಗಳ ಗಂಡ ಎಂದು ಗಾದೆ. ಮಗಳು ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಮಗಳು ಅಳಿದ ಮೇಲೂ ಅಳಿಯ ಅಳಿಯನಾಗಿಯೇ ಉಳಿದಿದ್ದ. ರಜೆಯ ದಿನ ಎರಡು ಮೈಲಿ ನಡೆದು ಹೋಗಿ ಅತ್ತೆಯ ಜಗುಲಿಯಲ್ಲಿ ಕೂರುವುದು, ಅವಳು ಬೈಯುವುದನ್ನು ನೋಡುವುದು, ಊಟ ಮಾಡಿ ವಾಪಸ್ಸು ಬರುವುದು. ಅವನನ್ನು ಬೈಯಲು ಭೂಮಿಯ ಮೇಲೆ ಉಳಿದಿದ್ದವಳು ಅವಳೊಬ್ಬಳೇ. ಅಷ್ಟಾದರೂ ಇರಲಿ ಎಂದು ಹೋಗುತ್ತಿದ್ದ.

ಆ ರಜೆಯ ದಿನ ಅತ್ತೆ ಅಂಗಳದಲ್ಲಿ ಧಾನ್ಯ ಕುಟ್ಟುತ್ತಿದ್ದಳು. ಜಗುಲಿಯ ಎರಡು ಕಂಬಗಳ ನಡುವೆ ಕಲ್ಲುಗಳ ಮೇಲೆ ಇಟ್ಟಿದ್ದ ಉದ್ದನೆಯ ಮರದ ಆಸನದ ಮೇಲೆ ಠಣ್ಣಪ್ಪ ಕೂತ. ಆಜ್ಞೆಯ ವಿಷಯ ಹೇಳಿದ.

ಅತ್ತೆಯ ಒನಕೆ ನಿಂತಿತು. "ಮೇಲಿನ ಇಳಿಜಾರಾ? ನಮ್ಮ ಒರತೆ ಇರೋದು ಅಲ್ಲೇ ಅಲ್ವಾ?"

"ಏನ್ಮಾಡೋದು ಅತ್ತೆ. ಮರ ಕೆಟ್ಟಿದೆ. ಒಳಗೆಲ್ಲ ಟೊಳ್ಳು. ಇವತ್ತಲ್ಲ ನಾಳೆ ತಾನಾಗೇ ಬೀಳೋದೇ."

"ನಿಮ್ಮ ತಲೆ ಟೊಳ್ಳು" ಎಂದು ಅತ್ತೆ ಹತ್ತಿರ ಬಂದು ಒನಕೆಯನ್ನು ಎತ್ತಿ ಆಸನದ ತುದಿಗೆ ಒಂದು ಕುಟ್ಟು ಕುಟ್ಟಿದಳು.

ಠಣ್.

ಠಣ್ಣಪ್ಪನ ಬೆನ್ನುಮೂಳೆಯಲ್ಲಿ ಅದು ಹತ್ತಿತು, ದವಡೆಗೆ ಬಂತು, ಹಲ್ಲುಗಳಲ್ಲಿ ನಿಂತು ಗುಂಯ್ ಎಂದಿತು. ಎರಡು ವರ್ಷದಿಂದ ಕೇಳದ ದನಿ. ಎಲ್ಲಿದ್ದರೂ ಗುರುತು ಹಿಡಿಯುತ್ತಿದ್ದ.

"ಇನ್ನೊಂದು ಸಲ ಹೊಡೀರಿ ಅತ್ತೆ."

"ಯಾಕೆ? ಸಾಲದಾಯ್ತಾ?"

"ಹೊಡೀರಿ ಅಂದ್ನಲ್ಲ."

ಅತ್ತೆ ಹೊಡೆದಳು. ಠಣ್. ಅವನು ಎದ್ದು ನಿಂತ, ಮತ್ತೆ ಹೊಡೆಯಲು ಸನ್ನೆ ಮಾಡಿದ. ದಬ್. ಕೂತ, ಠಣ್. ಎದ್ದ, ದಬ್. ಮೂರನೆಯ ಸಲ ಎದ್ದಾಗ ಅತ್ತೆ ಒನಕೆಯನ್ನು ಗೋಡೆಗೆ ಒರಗಿಸಿ ಕೇಳಿದಳು, "ಏನ್ರಿ ಇದು, ಇರುವೆ ಏನಾದ್ರೂ ಕಚ್ತಾ?"

"ಈ ಮರ ಎಲ್ಲಿಂದ ಬಂತು?"

"ನಿಮ್ಮ ಡಿಪೋದ್ದೇ. ಸೌದೆ ಗಾಡಿಯವನು ಕೊಟ್ಟ. ಕೇರಿಯಲ್ಲಿ ಮನೆಮನೆಗೂ ಒಂದೊಂದಿದೆ."

"ಕತ್ತರಿ ಗುರುತು ಎಲ್ಲಿ?"

"ಕಂಬದಿಂದ ಕಂಬಕ್ಕೆ ಉದ್ದ ಆಯ್ತು. ಎರಡು ಬೆರಳು ಕೊಯ್ಸಿ ಹಾಕ್ದೆ. ಗುರುತು ಅದರ ಜೊತೆ ಒಲೆಗೆ ಹೋಯ್ತು."

ಠಣ್ಣಪ್ಪ ಬಗ್ಗಿ ಕೊಯ್ದ ತುದಿಯನ್ನು ಬೆರಳಿನಿಂದ ಸವರಿದ. ಗಟ್ಟಿ ತಿರುಳು, ಕಬ್ಬಿಣದ ಹಾಗೆ ತಣ್ಣಗಿತ್ತು. ತಾನೇ ತಟ್ಟಿದ್ದು, ತಾನೇ ತಳ್ಳಿದ್ದು.

ಅತ್ತೆ ಅವನ ಮುಖಕ್ಕೆ ಮುಖ ಕೊಟ್ಟು ಕೂತು, ತುಟಿ ಬಿಡಿಸಿ ಹೇಳಿದಳು: "ನಿಮಗೆ ಕಿವಿ ಕೇಳಲ್ಲ, ಅಳಿಯಂದ್ರೇ. ಎರಡು ವರ್ಷ ಆಯ್ತು."

"ಗೊತ್ತಿದ್ರೆ ಹೇಳ್ಬಾರದಿತ್ತಾ?"

"ಹೇಳಿದೆ. ಕೇಳಿಸ್ಬೇಕಲ್ಲ."

ಅವನು ನಗಲು ಹೊರಟ, ಆಗಲಿಲ್ಲ. ಒಂದೊಂದು ಕತ್ತರಿಗೆ ಒಂದೊಂದು ಮರ ನೆನಪಿಗೆ ಬರಲು ಶುರುವಾಯಿತು. ಮೊದಲ ಗುಡ್ಡವೇನೋ ರೈಲಿನ ಪಾಲಾಗಿತ್ತು, ಸರಿ. ನಡುಗುಡ್ಡ? ಅದರಲ್ಲಿ ಅರ್ಧ ಹೋದದ್ದು ರೈಲಿಗಲ್ಲ, ತನ್ನ ಕಿವಿಗೆ.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂದಳು ಅತ್ತೆ. "ಕೇಳಿಸದವನು ಮರ ಟೊಳ್ಳು ಅಂದ. ಕೂತು ಅಳೋದಾದ್ರೆ ಒರತೆ ಹತ್ರ ಹೋಗಿ ಅಳಿ, ಅದಕ್ಕಾದರೂ ಸ್ವಲ್ಪ ನೀರು ಸಿಗಲಿ. ಈಗ ಏನ್ಮಾಡ್ತೀರಿ ಹೇಳಿ."

"ದೊರೆ ಹತ್ರ ಹೋಗ್ತೀನಿ. ತಳ್ಳಿದ್ದು ತಪ್ಪಾಯ್ತು, ಮತ್ತೆ ತಟ್ಟೋಕೆ ಬಿಡಿ ಅಂತೀನಿ. ಕತ್ತರಿ ಸಾಲಲ್ಲಿ ಸಾವಿರಕ್ಕೂ ಮೇಲಿದೆ. ನಾನೂರು ಗಟ್ಟಿ ಸಿಗೋದು ಕಷ್ಟ ಅಲ್ಲ. ಸಿಕ್ಕಿದರೆ ಇಳಿಜಾರಿಗೆ ಕೊಡಲಿ ಹೋಗಲ್ಲ."

"ಕೆಲಸ ಹೋಗುತ್ತಲ್ಲ?"

"ಹೋಗುತ್ತೆ. ಮನೆಯೂ."

ಅತ್ತೆ ಏನೋ ಹೇಳಿದಳು. ಆಗ ಅವಳು ಕಾಳು ಬಾಚಲು ಆಚೆ ತಿರುಗಿದ್ದಳು. ಏನೆಂದು ಅವನು ಕೇಳಲಿಲ್ಲ.

ಮರುದಿನ ದೊರೆಯ ಕೋಣೆ. ಮೇಜಿನ ಮೇಲೆ ಹಸಿರು ಬಟ್ಟೆ, ಗೋಡೆಯ ಮೇಲೆ ನಕ್ಷೆ. ನಕ್ಷೆಯಲ್ಲಿ ಗುಡ್ಡಗಳಿಗೆ ಹೆಸರಿಲ್ಲ, ಒಂದು, ಎರಡು, ಮೂರು ಎಂದು ಅಂಕಿ. ಒಂದು ಮತ್ತು ಎರಡರ ಮೇಲೆ ಕೆಂಪು ಗೀಟು. ದೊರೆಯ ಮೀಸೆ ತುಟಿಯನ್ನು ಪೂರ್ತಿ ಮುಚ್ಚಿತ್ತು, ಅಲ್ಲಿ ಓದುವುದಕ್ಕೆ ಏನೂ ಇರಲಿಲ್ಲ. ಗುಮಾಸ್ತ ನಡುವೆ ನಿಂತು ಅಲ್ಲಿಯ ಮಾತು ಇಲ್ಲಿಗೆ, ಇಲ್ಲಿಯದು ಅಲ್ಲಿಗೆ ದಾಟಿಸಿದ.

ಠಣ್ಣಪ್ಪ ಎಲ್ಲವನ್ನೂ ಹೇಳಿದ. ತಳ್ಳಿದವುಗಳಲ್ಲಿ ಗಟ್ಟಿ ದಿಮ್ಮಿಗಳಿವೆ. ತಪ್ಪು ನನ್ನದು. ನನ್ನ ಕಿವಿ, ಎಂದು ಶುರು ಮಾಡಿ, ಕಿವಿಯನ್ನು ಮುಟ್ಟಿ ತೋರಿಸಿದ.

ದೊರೆ ಕನಿಕರದಿಂದ ನೋಡಿದ. ಮೇಜಿನ ಖಾನೆ ಎಳೆದು ಒಂದು ಹಿಡಿ ಹತ್ತಿಯನ್ನೂ ಸಣ್ಣ ಶೀಶೆಯಲ್ಲಿ ಔಷಧವನ್ನೂ ತೆಗೆದು ಮುಂದಿಟ್ಟ. ಆಮೇಲೆ ಬಹಳ ಹೊತ್ತು ಮಾತಾಡಿದ. ಗುಮಾಸ್ತ ಅದನ್ನು ಠಣ್ಣಪ್ಪನ ಕಡೆ ತಿರುಗಿ ಬಿಡಿಬಿಡಿಯಾಗಿ ಹೇಳಿದ:

"ದಿನಕ್ಕೆ ಎರಡು ಸಲ ಎರಡೆರಡು ಹನಿ ಬಿಡಬೇಕಂತೆ, ಕಿವಿನೋವು ಹೋಗುತ್ತೆ. ಇನ್ನು ದಿಮ್ಮಿ ವಿಷಯ. ಕತ್ತರಿ ಬಿದ್ದದ್ದು ಬಿತ್ತು. ಅದನ್ನ ವಾಪಸ್ ತಗೊಂಡ್ರೆ ಕಾಗದದ ಮೇಲೆ ಎಲ್ಲವೂ ಅನುಮಾನ ಆಗುತ್ತೆ, ಹಾಕಿರೋ ಹಳಿ ಎಲ್ಲ ಕೀಳ್ಬೇಕಾಗುತ್ತೆ. ಅದು ಆಗಲ್ಲ."

"ಹಾಗಾದ್ರೆ ಇಳಿಜಾರು? ಮರ ಟೊಳ್ಳು ಅಂತ ತಾನೇ ಪೂರ್ತಿ ಕಡೀತಿರೋದು? ಟೊಳ್ಳಲ್ಲ ಅಂತ ನಾನೇ ಹೇಳ್ತಿದ್ದೀನಲ್ಲ."

ಗುಮಾಸ್ತ ದಾಟಿಸಿದ. ಉತ್ತರ ತಕ್ಷಣ ಬಂತು.

"ಟೊಳ್ಳಾಗಿದ್ರೆ ಕೆಡೋ ಮೊದಲು ಕಡೀಬೇಕು, ಗಟ್ಟಿಯಾಗಿದ್ರೆ ಧಾರಾಳವಾಗಿ ಕಡೀಬಹುದು. ಎರಡರಲ್ಲಿ ನಿನಗೆ ಯಾವುದು ಇಷ್ಟ ಅಂತ ಕೇಳ್ತಿದ್ದಾರೆ."

ದೊರೆ ಎದ್ದು ಬಂದು ಠಣ್ಣಪ್ಪನ ಭುಜ ತಟ್ಟಿದ. ಯಾವ ದನಿ ಬಂತೋ ಅವನಿಗೇ ಗೊತ್ತು.

ಹೊರಗೆ ಬಂದು ಠಣ್ಣಪ್ಪ ಗೇಟಿನ ಬಳಿ ನಿಂತ. ಅಲ್ಲಿ ಬರುವ ಪ್ರತಿ ದಿಮ್ಮಿಯನ್ನೂ ಒಂಬತ್ತು ಅಡಿಯ ಅಳತೆಗೋಲಿಗೆ ಒಡ್ಡಿ ನೋಡುತ್ತಿದ್ದರು. ಹದಿನೆಂಟು ವರ್ಷ ದಿನಾ ಕಂಡದ್ದನ್ನು ಆವತ್ತು ಮೊದಲ ಸಲ ನೋಡಿದ. ಯಾವ ದಿಮ್ಮಿಯೂ ಸರಿಯಾಗಿ ಒಂಬತ್ತು ಅಡಿ ಇರಲಿಲ್ಲ. ಬಿಸಿಲಿಗೆ ತುದಿ ಸೀಳುತ್ತದೆಂದು ಗರಗಸದವರು ಮೂರು ಬೆರಳಿನಷ್ಟು ಹೆಚ್ಚು ಬಿಟ್ಟೇ ಕೊಯ್ಯುತ್ತಿದ್ದರು. ಕತ್ತರಿ ಗುರುತಿನ ಆಳ ಒಂದು ಬೆರಳಿನಷ್ಟು. ಅತ್ತೆ ಕೊಯ್ಯಿಸಿ ಹಾಕಿದ್ದು ಎರಡು ಬೆರಳು.

ಅವನು ಹತ್ತಿಯನ್ನು ಜೇಬಿಗೆ ತುರುಕಿ ನೇರವಾಗಿ ಗುತ್ತಿಗೆದಾರನ ಗುಡಾರಕ್ಕೆ ಹೋದ.

ಗುತ್ತಿಗೆದಾರ ಮೂರು ವರ್ಷ ಠಣ್ಣಪ್ಪನಿಗೆ ಹಣ್ಣಿನ ಬುಟ್ಟಿ ಕಳಿಸಿ ನೋಡಿದ್ದ; ಕಳಿಸಿದಷ್ಟು ಸಲವೂ ಬುಟ್ಟಿ ಒಂದು ಹಣ್ಣೂ ಕಡಿಮೆಯಾಗದೆ ವಾಪಸ್ಸು ಬಂದಿತ್ತು. ಈಗ ಅವನೇ ತಾನಾಗಿ ನಡೆದು ಬಂದದ್ದನ್ನು ಕಂಡು ಎದ್ದು ನಿಂತ. ಠಣ್ಣಪ್ಪ ಹೇಳಿದ್ದನ್ನು ಕೇಳಿ ಮತ್ತೆ ಕೂತ.

"ಕತ್ತರಿ ಸಾಲಿನ ತುದಿ ಕೊಯ್ದು, ಹೊಸದು ಅಂತ ತರೋದಾ? ನೀವೇ ಮುದ್ರೆ ಹಾಕ್ತೀರಾ? ಠಣ್ಣಪ್ಪನವರೇ, ಇದು ನನಗೆ ಇಟ್ಟ ಪರೀಕ್ಷೆ ಅಲ್ಲ ತಾನೇ?"

"ಪರೀಕ್ಷೆ ದಿಮ್ಮಿಗೆ. ಒಂದೊಂದನ್ನೂ ಮತ್ತೆ ತಟ್ತೀನಿ. ಟೊಳ್ಳು ಒಂದೂ ಹೋಗಲ್ಲ."

"ನನಗೆ ಮರ ಕಡಿಯೋ ಶ್ರಮ ಉಳೀತು, ಸಂತೋಷ. ನಿಮಗೆ?" ಎಂದು ಕಣ್ಣು ಸಣ್ಣ ಮಾಡಿ ಕೇಳಿದ. "ಬುಟ್ಟಿ ಎಷ್ಟು ದೊಡ್ಡದಿರಬೇಕು?"

"ಬುಟ್ಟಿ ಬೇಡ. ನಾನೂರು ತುಂಬಿದ ಮೇಲೆ ನಿಮ್ಮ ಕೊಡಲಿಯವರು ಇಳಿಜಾರು ಹತ್ತಬಾರದು. ಅಷ್ಟೇ."

ಗುತ್ತಿಗೆದಾರ ನಂಬಲಿಲ್ಲ. ಏನೂ ಬೇಡ ಎನ್ನುವವನಿಗೆ ಬಹಳ ಬೇಕಾಗಿರುತ್ತದೆ ಎಂಬುದು ಅವನ ಅನುಭವ. ಆದರೂ ಒಪ್ಪಿದ.

ದೊರೆ ಮಾರ್ಗದ ತಪಾಸಣೆಗೆಂದು ಆರು ದಿನ ಹೊರಟ, ಗುಮಾಸ್ತ ಅವನ ಪೆಟ್ಟಿಗೆ ಹೊತ್ತುಕೊಂಡು ಹಿಂದೆ ಹೋದ. ಕೆಲಸ ಶುರುವಾಯಿತು. ಠಣ್ಣಪ್ಪ ಮೊಳದುದ್ದದ ಒಂದು ಕಬ್ಬಿಣದ ಸಲಾಕೆ ಹುಡುಕಿ ತಂದ. ಅದರ ಒಂದು ತುದಿ ದಿಮ್ಮಿಯ ಮೇಲೆ, ಇನ್ನೊಂದು ತುದಿ ತನ್ನ ಹಲ್ಲುಗಳ ನಡುವೆ. ಹೀಗೆ ಬಗ್ಗಿಕೊಂಡು ತಟ್ಟಲು ಕೈ ಸಾಲದೆ ಅತ್ತೆಯನ್ನು ಕರೆಸಿದ. ಚಕ್ಕೆ ಆಯಲು ಬಂದವಳೆಂದು ಹೆಸರು. ಸೆರಗು ಸಿಕ್ಕಿಸಿ ಸುತ್ತಿಗೆ ಹಿಡಿದಳು.

"ಒನಕೆಗಿಂತ ಹಗುರ" ಎಂದು ಮೊದಲ ಏಟು ಹಾಕಿದಳು. "ನಾಯಿ ಮೂಳೆ ಕಚ್ಚಿಕೊಂಡ ಹಾಗೆ ಕಾಣ್ತೀರಿ ಅಳಿಯಂದ್ರೇ. ನನ್ನ ಮಗಳು ನೋಡ್ಬೇಕಿತ್ತು."

ಸಲಾಕೆ ಬಾಯಲ್ಲಿದ್ದುದರಿಂದ ತೀರ್ಪು ಕೊಡುವುದೂ ಕೈಯಿಂದಲೇ. ಠಣ್ ಬಂದರೆ ಬಲಗೈ ಎತ್ತುವುದು, ದಬ್ ಬಂದರೆ ಎಡಗೈ. ಬಲಗೈ ಎತ್ತಿದಷ್ಟೂ ಎದೆ ಹಗುರವಾಗುತ್ತಿತ್ತು, ಆ ಹಿಂದೆಯೇ ಭಾರವಾಗುತ್ತಿತ್ತು. ಒಂದೊಂದು ಠಣ್ಣೂ ಒಂದೊಂದು ತಪ್ಪೊಪ್ಪಿಗೆ. ಗರಗಸದವರು ಬಲಗೈಯವನ್ನು ಎಳೆದುಕೊಂಡು ಹೋಗಿ ತುದಿ ಕೊಯ್ದರು. ಕತ್ತರಿ ಗುರುತು ಹೊತ್ತ ಎರಡೆರಡು ಬೆರಳು ದಪ್ಪದ ಬಿಲ್ಲೆಗಳು ನೆಲಕ್ಕೆ ಉದುರಿ ರಾಶಿಯಾದವು. ಅತ್ತೆ ಸಂಜೆ ಅವನ್ನು ಬುಟ್ಟಿಗೆ ತುಂಬಿಕೊಂಡು ಹೋಗುತ್ತಿದ್ದಳು.

"ನಿಮ್ಮ ತಪ್ಪಿನಲ್ಲಿ ಒಂದು ತಿಂಗಳ ಅಡುಗೆ ಆಗುತ್ತೆ" ಎಂದಳು.

ಹಮಾಲರಿಗೆ ಯಾರೂ ಏನೂ ಹೇಳಿರಲಿಲ್ಲ. ಹೇಳುವ ಹಾಗೂ ಇರಲಿಲ್ಲ. ಒಬ್ಬನ ಬಾಯಿಂದ ಹೊರಬಿದ್ದರೂ ದೊರೆಗೆ ಮುಟ್ಟುತ್ತಿತ್ತು. ಅವರು ತಾವೇ ಅರ್ಥ ಮಾಡಿಕೊಂಡರು. ಗುತ್ತಿಗೆದಾರನ ಗುಡಾರಕ್ಕೆ ಠಣ್ಣಪ್ಪ ಹೋದದ್ದನ್ನು ನೋಡಿದ್ದವರಿದ್ದರು. ತಳ್ಳಿದ ದಿಮ್ಮಿಗಳೇ ತುದಿ ಬೋಳಿಸಿಕೊಂಡು ಮುದ್ರೆ ಸಾಲಿಗೆ ಬರುತ್ತಿರುವುದು ಅವರ ಹೆಗಲಿಗೇ ಗೊತ್ತಿತ್ತು. ಮೂರನೆಯ ಮಧ್ಯಾಹ್ನ ಠಣ್ಣಪ್ಪ ಬುತ್ತಿ ಹಿಡಿದು ಚಪ್ಪರದಡಿಗೆ ಬಂದಾಗ ಆಡುತ್ತಿದ್ದ ತುಟಿಗಳು ನಿಂತವು. ಒಬ್ಬನು ಎದ್ದ, ಹಿಂದೆಯೇ ಉಳಿದವರೂ ಎದ್ದರು. ಕೊನೆಗೆ ಎದ್ದ ಮುದುಕ ಹಮಾಲ ಮಾತ್ರ ಅವನ ಮುಂದೆ ನಿಂತು, ಚೆನ್ನಾಗಿ ಕಾಣುವ ಹಾಗೆ, ಹೇಳಿದ:

"ನೀನೂ ತಿನ್ನೋದು ಕಲಿತೆಯಲ್ಲಪ್ಪ."

ಠಣ್ಣಪ್ಪನ ಬಾಯಿಗೆ ಉತ್ತರ ಬಂತು. ಬುತ್ತಿಯ ತುತ್ತಿನ ಜೊತೆ ಅದನ್ನೂ ನುಂಗಿದ. ಇಡೀ ಚಪ್ಪರದಡಿ ಒಬ್ಬನೇ ಕೂತು ಉಂಡ.

ಐದನೆಯ ದಿನ ಸಾಲು ಮುಗಿಯಿತು. ಲೆಕ್ಕ ಮುನ್ನೂರ ಎಂಬತ್ತೊಂಬತ್ತಕ್ಕೆ ನಿಂತಿತು. ಉಳಿದದ್ದು ನಿಜವಾಗಿಯೂ ಟೊಳ್ಳು. ಸಲಾಕೆಯನ್ನು ಎಲ್ಲಿಟ್ಟು ಕಚ್ಚಿದರೂ ದಬ್ ಎಂದೇ ಬಂತು, ಅಂಥ ಒಂದನ್ನೂ ಅವನು ಪಾಸು ಮಾಡಲಿಲ್ಲ. ಹನ್ನೊಂದು ಕಡಿಮೆ. ಹನ್ನೊಂದಕ್ಕೆ ಹನ್ನೊಂದು ಮರ ಎನ್ನುವ ದೊರೆಯಲ್ಲ ಅವನು. ಕೊಡಲಿಯವರು ಒಮ್ಮೆ ಮೇಲೇರಿದರೆ ಕೆಳಗಿಳಿಯುವುದು ಇಳಿಜಾರು ಮುಗಿದ ಮೇಲೆಯೇ.

ಅತ್ತೆ ಸುತ್ತಿಗೆ ಕೆಳಗಿಟ್ಟು ಕೇರಿಗೆ ಹೋದಳು. ಮರುದಿನ ಬೆಳಿಗ್ಗೆ ಸೌದೆ ಗಾಡಿಯಲ್ಲಿ ಒಂದು ಮನೆಯ ಮೆಟ್ಟಿಲು ಬಂತು, ಇನ್ನೊಂದು ಮನೆಯ ಕೊಟ್ಟಿಗೆಯ ಅಡ್ಡಗಟ್ಟು ಬಂತು, ಮಕ್ಕಳು ಎರಡು ತುದಿಗೆ ಕೂತು ಏರಿಳಿಯುತ್ತಿದ್ದ ದಿಮ್ಮಿ ಬಂತು. ಬಾಗಿಲ ಮುಂದೆ ಎಷ್ಟೋ ಜನ ಕೂತೆದ್ದು ನುಣುಪಾಗಿದ್ದ ದಿಮ್ಮಿಗಳನ್ನು ಇಳಿಸಿದರು. ತಟ್ಟಿ ನೋಡಿದರೆ ಹತ್ತು ಗಟ್ಟಿ. ಹನ್ನೊಂದನೆಯದು ಗಾಡಿಯ ತಳದಲ್ಲಿತ್ತು, ಕಂಬದಿಂದ ಕಂಬಕ್ಕೆ ಸರಿಯಾಗಿ ಕೂರುತ್ತಿದ್ದದ್ದು.

"ಅದು ಬೇಡ ಅತ್ತೆ."

"ಬೇರೆ ಇದೆಯಾ ನಿಮ್ಮ ಹತ್ರ?"

"ಇಲ್ಲ."

"ಮತ್ತೆ? ನೆಲದ ಮೇಲೆ ಕೂತ್ರೆ ನಿಮ್ಮ ಗೌರವ ಏನು ಸವೆದು ಹೋಗಲ್ಲ. ಹಾಕಿ ಮುದ್ರೆ."

ಅದನ್ನು ಅವನು ಸಲಾಕೆಯಿಂದ ಪರೀಕ್ಷಿಸಲಿಲ್ಲ. ಮೇಲೆ ಒಂದು ಕ್ಷಣ ಕೂತ. ಅತ್ತೆ ತಟ್ಟಿದಳು. ಎದ್ದು ಮುದ್ರೆ ಹಾಕಿದ.

ದೊರೆ ವಾಪಸ್ಸು ಬಂದು ಮುದ್ರೆ ಸಾಲನ್ನು ಎಣಿಸಿದ, ನಾನೂರು. ಅಳತೆಗೋಲು ಇಟ್ಟ, ಒಂಬತ್ತು ಅಡಿ. ತನ್ನ ಔಷಧ ಕೆಲಸ ಮಾಡಿದೆ ಎಂಬ ತೃಪ್ತಿ ಅವನ ಮುಖದ ಮೇಲೆ ಕಂಡಿತು. ಠಣ್ಣಪ್ಪನ ಬಾಯಲ್ಲಿದ್ದ ಸಲಾಕೆಯನ್ನು ಸುತ್ತು ಬಂದು ನೋಡಿ, ಇದೇನೆಂದು ಕೇಳಿಸಿದ. ಹೊಸ ಪದ್ಧತಿ, ಕಿವಿಗಿಂತ ಹಲ್ಲು ಬಿಗಿ, ಎಂದ ಠಣ್ಣಪ್ಪ. ಗುಮಾಸ್ತ ಅದನ್ನು ದಾಟಿಸಿ, ಒಂದು ಕಾಗದದಲ್ಲಿ ಬರೆದೂ ಇಟ್ಟ. ತಿಂಗಳೊಪ್ಪತ್ತಿನಲ್ಲಿ ಮಾರ್ಗದ ಮೂರು ಡಿಪೋಗಳಲ್ಲಿ ಕಿವಿ ನೆಟ್ಟಗಿದ್ದ ಮೂವರು ಆಜ್ಞೆಯಂತೆ ಸಲಾಕೆ ಕಚ್ಚಿಕೊಂಡು ಬಗ್ಗಿದ್ದರಂತೆ. ಆ ಸುದ್ದಿ ಕೇಳಿ ಠಣ್ಣಪ್ಪನಿಗೆ ನಗು ಬಂತು. ಹಂಚಿಕೊಳ್ಳಲು ಚಪ್ಪರದಡಿ ಯಾರೂ ಇರಲಿಲ್ಲ.

ಕಚೇರಿಯ ಹಲಗೆಯಿಂದ ಆಜ್ಞೆ ಇಳಿಯಿತು. ಆ ಜಾಗದಲ್ಲಿ ಸಣ್ಣದೊಂದು ಚೀಟಿ ಬಂತು: ಮೂರನೆಯ ಗುಡ್ಡದ ಮೇಲಿನ ಇಳಿಜಾರಿನ ಕೆಲಸವನ್ನು ಈ ಹಂಗಾಮಿಗೆ ಕೈಬಿಡಲಾಗಿದೆ, ಮುಂದಿನ ಹಂಗಾಮಿನಲ್ಲಿ ಎರಡನೆಯ ಹಳಿ ಬರುವಾಗ ಪರಿಶೀಲಿಸುವುದು. ಈ ಹಂಗಾಮಿಗೆ ಎಂಬ ಮಾತಿನ ಅಡಿಯಲ್ಲಿ ದೊರೆ ತನ್ನ ಕೈಯಾರೆ ಒಂದು ಗೀಟು ಎಳೆದಿದ್ದ.

ಕತ್ತರಿ ಸಾಲಿನಲ್ಲಿ ಈಗ ಟೊಳ್ಳು ದಿಮ್ಮಿಗಳು ಮಾತ್ರ ಇದ್ದವು. ಮುಂದಿನ ಸಲ ಕೊಯ್ದು ಕೊಡಲು ಏನೂ ಉಳಿದಿರಲಿಲ್ಲ.

ರಜೆಯ ದಿನ ಠಣ್ಣಪ್ಪ ಕೇರಿಗೆ ಹೋದ. ಜಗುಲಿಯ ಎರಡು ಕಂಬಗಳ ನಡುವೆ ಬರೀ ಕಲ್ಲುಗಳಿದ್ದವು. ಅತ್ತೆ ಒರತೆಗೆ ನೀರಿಗೆ ಹೋಗಿದ್ದಳು. ಅವನು ನೆಲದ ಮೇಲೆ ಸ್ವಲ್ಪ ಹೊತ್ತು ಕೂತ, ಆಮೇಲೆ ಅದೇ ದಾರಿ ಹಿಡಿದು ಇಳಿಜಾರು ಹತ್ತಿದ. ಹದಿನೆಂಟು ವರ್ಷದಲ್ಲಿ ಮಲಗಿದ ಮರವನ್ನು ಲಕ್ಷಗಟ್ಟಲೆ ತಟ್ಟಿದ್ದ. ನಿಂತ ಮರದ ಹತ್ತಿರ ಹೋದದ್ದು ಕಡಿಮೆ. ಗಾಳಿ ಬೀಸುತ್ತಿತ್ತು. ಎಲೆಗಳು ಅಲ್ಲಾಡುತ್ತಿದ್ದದ್ದು ಕಾಣುತ್ತಿತ್ತು, ಸದ್ದಿರಲಿಲ್ಲ. ಒಂದು ರೆಂಬೆಯ ಮೇಲೆ ಹಕ್ಕಿಯೊಂದು ಕೊಕ್ಕು ತೆರೆದು ಗಂಟಲು ಉಬ್ಬಿಸುತ್ತಿತ್ತು. ಹೋಗಿಬಿಟ್ಟಿವೆ ಎಂದುಕೊಂಡಿದ್ದವು ಇಲ್ಲಿದ್ದವು.

ಸೊಂಟದಿಂದ ಸಲಾಕೆ ತೆಗೆದು ಒಂದು ದೊಡ್ಡ ಮರದ ಬೊಡ್ಡೆಗೆ ಆನಿಸಿ ತುದಿಯನ್ನು ಕಚ್ಚಿದ. ತಟ್ಟಲಿಲ್ಲ.

ಮೊದಲಿಗೆ ಏನೂ ಇಲ್ಲ. ಆಮೇಲೆ ಎಲ್ಲೋ ಮೇಲಿನಿಂದ ಇಳಿದು ಬಂದ ಒಂದು ಮೊರೆತ. ಗಾಳಿ ಏರಿದಾಗ ಏರಿತು, ರೆಂಬೆ ರೆಂಬೆಗೆ ಉಜ್ಜಿದಾಗ ನಡುವೆ ಕೀರಲಾಯಿತು, ಬಲಹೀನವಾಗಿ ಬುಡಕ್ಕೆ ಬಂದು, ಮತ್ತೆ ಮೇಲೆ ಹೋಯಿತು. ದೊಡ್ಡ ಮನುಷ್ಯನೊಬ್ಬ ಬಾಯಿ ಮುಚ್ಚಿಕೊಂಡು ತನ್ನಷ್ಟಕ್ಕೆ ತಾನು ಏನನ್ನೋ ಗುನುಗುವ ಹಾಗೆ. ಠಣ್ಣಪ್ಪ ಕಣ್ಣು ಮುಚ್ಚಿ ಬಹಳ ಹೊತ್ತು ಹಾಗೇ ನಿಂತ. ಅವನ ಗಂಟಲು ಹಳೆಯ ಚಾಳಿಯಂತೆ ತನಗೆ ತಾನೇ ಅಲ್ಲಾಡಲು ಶುರುಮಾಡಿತು. ಮೂರು ವರ್ಷದಲ್ಲಿ ಅದಕ್ಕೆ ಸಿಕ್ಕಿದ ಮೊದಲ ಹೊಸ ದನಿ.

ಮರುದಿನ ಮಧ್ಯಾಹ್ನ ಚಪ್ಪರದಡಿ ಅವನು ಒಬ್ಬನೇ ಇದ್ದ. ಬುತ್ತಿ ಮುಚ್ಚಿಟ್ಟು, ಯಾರಿಗೆಂದಲ್ಲದೆ, ಆ ದನಿಯನ್ನು ತೆಗೆದ. ಎದೆಯಿಂದ ಎತ್ತಿ, ಮೂಗಿನಲ್ಲಿ ತಿರುಗಿಸಿ, ನಡುವೆ ಕೀರಿಸಿ, ಮತ್ತೆ ಎದೆಗೆ ಇಳಿಸಿದ. ಸರಿಯಾಗಿ ಬಂತೋ ಇಲ್ಲವೋ ಕೇಳಿಸುವ ಹಾಗಿರಲಿಲ್ಲ. ದವಡೆಯ ಮೇಲೆ ಬೆರಳಿಟ್ಟು ನೋಡಿಕೊಂಡ. ಕಚೇರಿಯ ಬಾಗಿಲಿಗೆ ಬಂದ ಗುಮಾಸ್ತ ತಲೆ ಓರೆ ಮಾಡಿ ನಿಂತು ಕೇಳಿದ. ದೂರದಲ್ಲಿ ಬೆನ್ನು ಹಾಕಿ ಉಣ್ಣುತ್ತಿದ್ದ ಮುದುಕ ಹಮಾಲನೂ ಒಂದು ಸಲ ತಿರುಗಿದ.

ಗುಮಾಸ್ತ ಹತ್ತಿರ ಬಂದು ಬಗ್ಗಿದ. "ಚೆನ್ನಾಗಿ ಬರ್ತಿದೆ. ಯಾರಪ್ಪ ಇದು, ಗುರುತೇ ಸಿಗ್ತಿಲ್ಲ. ಹೊಸ ದೊರೆನಾ?"

"ಅಲ್ಲ" ಎಂದ ಠಣ್ಣಪ್ಪ. "ಇಲ್ಲಿಯವರೇ. ಮುಂದಿನ ವರ್ಷ ವರ್ಗ ಆಗುತ್ತಂತೆ."